26ರಲ್ಲಿ 9 ಮತ ಬಂದರೂ ಪಾಸು: ಒಂಟಾರಿಯೊದ ‘ಬಲಿಷ್ಠ ಮೇಯರ್’ ಕಾನೂನು ಏನು ಮಾಡುತ್ತದೆ?

26 ಜನ ಕೂತಿರುವ ಸಭೆ. ಒಂದು ಬೈಲಾ, ಅಂದರೆ ಊರಿನ ಮಟ್ಟದ ಕಾನೂನು, ಮತಕ್ಕೆ ಬರುತ್ತದೆ. 17 ಜನ ಬೇಡ ಅಂತಾರೆ, 9 ಜನ ಬೇಕು ಅಂತಾರೆ. ಬೈಲಾ ಪಾಸಾಗುತ್ತದೆ. ಕೆನಡಾದ ಟೊರಾಂಟೊ ನಗರದಲ್ಲಿ 2022ರ ಡಿಸೆಂಬರ್‌ನಿಂದ ಇದಕ್ಕೆ ಕಾನೂನಿನಲ್ಲೇ ಅವಕಾಶ ಇದೆ. ಆ 9 ಮತಗಳಲ್ಲಿ ಒಂದು ಮೇಯರ್‌ದಾದರೆ, ಉಳಿದ ಎಂಟು ಕೌನ್ಸಿಲರ್‌ಗಳದು.

ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಅಕ್ಟೋಬರ್ 26 ಸ್ಥಳೀಯ ಚುನಾವಣೆಯ ದಿನ. ಹೀಗಾಗಿ ‘ಬಲಿಷ್ಠ ಮೇಯರ್ ಅಧಿಕಾರ’ ಅನ್ನುವ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಟೊರಾಂಟೊ, ಮಿಸ್ಸಿಸಾಗ, ಬ್ರಾಂಪ್ಟನ್ ಕಡೆ ನೆಲೆಸಿ ಪೌರತ್ವ ಪಡೆದಿರುವ ಕನ್ನಡಿಗರಿಗೂ ಇಲ್ಲಿ ಮತ ಇದೆ. ಆದರೆ ಸುದ್ದಿ ಓದಿದರೆ ತಲೆ ಕೆಡುತ್ತದೆ. ನಮ್ಮ ಕಡೆ ಮೇಯರ್‌ಗೆ ಅಧಿಕಾರವೇ ಇಲ್ಲ, ಸ್ವಲ್ಪ ಕೊಡಿ ಅಂತ ದಶಕಗಳಿಂದ ಕೇಳುತ್ತಿದ್ದೇವೆ. ಅಲ್ಲಿ ಅಧಿಕಾರ ಕೊಟ್ಟರೆ, ನಮಗೆ ಇದು ಬೇಡ ಅಂತ ಹಲವು ಊರುಗಳ ಕೌನ್ಸಿಲ್‌ಗಳೇ ನಿರ್ಣಯ ಮಾಡಿವೆ. ಯಾಕೆ?

ಮೊದಲು ಮೇಯರ್ ಅಂದರೆ ಏನಾಗಿತ್ತು

ಒಂಟಾರಿಯೊದ ನಗರಗಳಲ್ಲಿ ಮೇಯರ್‌ನ್ನು ಇಡೀ ಊರಿನ ಜನ ನೇರವಾಗಿ ಆರಿಸುತ್ತಾರೆ. ಅವಧಿ ನಾಲ್ಕು ವರ್ಷ. ಮತಪತ್ರದಲ್ಲಿ ಪಕ್ಷದ ಹೆಸರು ಇರುವುದಿಲ್ಲ. ಇಷ್ಟು ಕೇಳಿದರೆ ಭಾರಿ ಬಲ ಇದ್ದೀತು ಅನ್ನಿಸುತ್ತದೆ, ಅಲ್ವಾ? ಆದರೆ ಸಭೆಯಲ್ಲಿ ಮೇಯರ್‌ಗೆ ಇದ್ದದ್ದು ಒಂದೇ ಮತ, ಬೇರೆ ಕೌನ್ಸಿಲರ್‌ಗಳಿಗೆ ಇದ್ದಷ್ಟೇ. ಬಜೆಟ್ ಆಗಲಿ, ಬೈಲಾ ಆಗಲಿ, ಮುಖ್ಯ ಆಡಳಿತಾಧಿಕಾರಿಯ ನೇಮಕ ಆಗಲಿ, ಕೊನೆಯ ಮಾತು ಕೌನ್ಸಿಲ್‌ನ ಬಹುಮತದ್ದು.

ಮೇಯರ್ ಏನಾದರೂ ಮಾಡಿಸಬೇಕಾದರೆ ಕೌನ್ಸಿಲರ್‌ಗಳ ಮನವೊಲಿಸಬೇಕಿತ್ತು. ಒಬ್ಬರ ವಾರ್ಡಿಗೆ ಗ್ರಂಥಾಲಯ, ಇನ್ನೊಬ್ಬರ ವಾರ್ಡಿಗೆ ಪಾರ್ಕು, ಹೀಗೆ ಕೊಟ್ಟು ತೆಗೆದುಕೊಂಡು ಬಹುಮತ ಕಟ್ಟಬೇಕಿತ್ತು. ಮೇಯರ್ ದಾರಿ ತಪ್ಪಿದರೆ ಕೌನ್ಸಿಲ್‌ಗೆ ತಡೆಯುವ ಶಕ್ತಿಯೂ ಇತ್ತು. 2013ರ ನವೆಂಬರ್‌ನಲ್ಲಿ ಟೊರಾಂಟೊ ಕೌನ್ಸಿಲ್ ಆಗಿನ ಮೇಯರ್ ರಾಬ್ ಫೋರ್ಡ್ ಅವರ ಅಧಿಕಾರದಲ್ಲಿ ಹೆಚ್ಚಿನದನ್ನು ಕಿತ್ತುಕೊಂಡಿತು. ಆಗ ಅದೇ ಕೌನ್ಸಿಲ್‌ನಲ್ಲಿ ಸದಸ್ಯರಾಗಿದ್ದ ಅವರ ಅಣ್ಣ ಡಗ್ ಫೋರ್ಡ್, 2018ರಿಂದ ಒಂಟಾರಿಯೊದ ಪ್ರೀಮಿಯರ್. ಪ್ರೀಮಿಯರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದಂತೆ. ಮೇಯರ್‌ಗಳ ಬಲ ಹೆಚ್ಚಿಸಿದ ಕಾನೂನುಗಳು ಬಂದದ್ದು ಅವರ ಸರ್ಕಾರದಿಂದಲೇ.

ಎರಡು ಕಾನೂನು, ಮೂರು ಅಲೆ

2022ರ ಸೆಪ್ಟೆಂಬರ್‌ನಲ್ಲಿ ಮೊದಲ ಕಾನೂನು ಪಾಸಾಯಿತು. ಹೆಸರಿನಲ್ಲೇ ‘ಬಲಿಷ್ಠ ಮೇಯರ್’ ಜೊತೆ ‘ಮನೆ ಕಟ್ಟುವುದು’ ಕೂಡ ಇತ್ತು. ಟೊರಾಂಟೊ ಮತ್ತು ಒಟ್ಟಾವಾ ಮೇಯರ್‌ಗಳಿಗೆ ವೀಟೊ, ಅಂದರೆ ಕೌನ್ಸಿಲ್ ತೀರ್ಮಾನವನ್ನು ತಡೆಯುವ ಅಧಿಕಾರ, ಸಿಕ್ಕಿತು. ಅಕ್ಟೋಬರ್ 24ಕ್ಕೆ ಸ್ಥಳೀಯ ಚುನಾವಣೆ ನಡೆಯಿತು. ಫಲಿತಾಂಶ ಬಂದು ತಿಂಗಳು ತುಂಬುವ ಮೊದಲೇ ಎರಡನೇ ಮಸೂದೆ ಬಂತು. ಮೂರನೇ ಒಂದಕ್ಕಿಂತ ಹೆಚ್ಚು ಮತ ಬಂದರೆ ಬೈಲಾ ಪಾಸು ಎಂಬ ನಿಯಮ ಇದ್ದದ್ದು ಇದರಲ್ಲಿ. ಈ ಅಧಿಕಾರ ಬೇಕೆಂದು ಕೇಳಿದ್ದು ತಾವೇ ಎಂದು ಆಗಿನ ಟೊರಾಂಟೊ ಮೇಯರ್ ಜಾನ್ ಟೋರಿ ಆಮೇಲೆ ಒಪ್ಪಿಕೊಂಡರು. ಮತ ಹಾಕಿದ ಜನರಿಗೆ ಮಾತ್ರ ಅದು ಮುಂಚೆ ಗೊತ್ತಿರಲಿಲ್ಲ.

2023ರ ಜುಲೈ 1ರಂದು ಇನ್ನೂ 26 ನಗರಗಳು ಸೇರಿದವು. ಆಗ ಒಂದು ಷರತ್ತು ಇತ್ತು: ಇಷ್ಟು ಮನೆ ಕಟ್ಟಿಸುತ್ತೇವೆ ಅಂತ ಊರು ಗುರಿ ಒಪ್ಪಿಕೊಂಡಿರಬೇಕು. ಆಮೇಲೆ ಇನ್ನಷ್ಟು ಊರುಗಳು ಸೇರಿ ಪಟ್ಟಿ 47ಕ್ಕೆ ಬೆಳೆದಿತ್ತು. 2025ರ ಮೇ 1ರಂದು ಒಂದೇ ಸಲಕ್ಕೆ 169 ಊರುಗಳು ಸೇರಿ ಒಟ್ಟು 216 ಆಯಿತು. ಪ್ರಾಂತ್ಯದಲ್ಲಿರುವ ಸ್ಥಳೀಯ ಸಂಸ್ಥೆಗಳು 444. ಅಂದರೆ ಹತ್ತಿರ ಹತ್ತಿರ ಅರ್ಧ. ಈ ಬಾರಿ ಅಳತೆಗೋಲು ಮನೆಯ ಗುರಿ ಆಗಿರಲಿಲ್ಲ. ಕೌನ್ಸಿಲ್‌ನಲ್ಲಿ ಆರು ಅಥವಾ ಹೆಚ್ಚು ಸದಸ್ಯರಿದ್ದರೆ ಸಾಕಿತ್ತು.

ಈ ಬದಲಾವಣೆಯನ್ನು ಸುಮ್ನೆ ದಾಟಿ ಹೋಗಬಾರದು. ಶುರುವಿನಲ್ಲಿ ಇದು ಮನೆಯ ಕೊರತೆಗೆ ಮದ್ದು ಅಂತ ಬಂತು. ಮೂರೇ ವರ್ಷದೊಳಗೆ ಅದು ಸಾಮಾನ್ಯ ಆಡಳಿತ ಪದ್ಧತಿಯೇ ಆಗಿಹೋಯಿತು. ಕೆಲವೇ ಸಾವಿರ ಜನ ಇರುವ ಊರುಗಳೂ ಈಗ ಇದರೊಳಗಿವೆ.

ಮೇಯರ್ ಕೈಗೆ ಬಂದದ್ದು

ಸಿಕ್ಕ ಅಧಿಕಾರಗಳೆಲ್ಲ ಒಂದೇ ಜಾತಿಯವಲ್ಲ. ಎಲ್ಲವನ್ನೂ ಒಂದೇ ಹೆಸರಲ್ಲಿ ಕರೆಯುವುದರಿಂದಲೇ ಅರ್ಧ ಗೊಂದಲ.

ಒಂದಿಷ್ಟು ಆಡಳಿತಕ್ಕೆ ಸೇರಿದ್ದು. ಮುಖ್ಯ ಆಡಳಿತಾಧಿಕಾರಿಯನ್ನು ಮೇಯರ್ ಒಬ್ಬರೇ ನೇಮಿಸಬಹುದು, ತೆಗೆಯಬಹುದು. ಹೆಚ್ಚಿನ ಇಲಾಖೆಗಳ ಮುಖ್ಯಸ್ಥರ ವಿಷಯದಲ್ಲೂ ಹಾಗೆಯೇ. ಕ್ಲರ್ಕ್ (ಕೌನ್ಸಿಲ್‌ನ ದಾಖಲೆ ನೋಡಿಕೊಳ್ಳುವ ಹಿರಿಯ ಅಧಿಕಾರಿ), ಖಜಾಂಚಿ, ಪೊಲೀಸ್ ಮುಖ್ಯಸ್ಥ ಮುಂತಾದ ಕೆಲವರನ್ನು ಮಾತ್ರ ಮುಟ್ಟುವಂತಿಲ್ಲ. ಸಮಿತಿಗಳನ್ನು ರಚಿಸಿ ಅಧ್ಯಕ್ಷರನ್ನು ಆರಿಸುವುದೂ ಮೇಯರ್ ಕೈಯಲ್ಲೇ.

ಬಜೆಟ್ ಕಥೆ ಬೇರೆ. ಫೆಬ್ರವರಿ 1ರೊಳಗೆ ಮೇಯರ್ ಬಜೆಟ್ ಮಂಡಿಸಬೇಕು. ತಿದ್ದುಪಡಿ ಮಾಡಲು ಕೌನ್ಸಿಲ್‌ಗೆ 30 ದಿನ. ಆ ತಿದ್ದುಪಡಿಗೆ ಮೇಯರ್ 10 ದಿನದೊಳಗೆ ವೀಟೊ ಹಾಕಬಹುದು. ವೀಟೊವನ್ನು ಮುರಿಯಲು ಕೌನ್ಸಿಲ್‌ಗೆ 15 ದಿನ, ಮೂರರಲ್ಲಿ ಎರಡು ಪಾಲು ಮತ ಬೇಕು. ಇಷ್ಟೆಲ್ಲ ಮುಗಿದ ಮೇಲೆ ಉಳಿದ ಬಜೆಟ್ ತಾನಾಗಿಯೇ ಅಂಗೀಕಾರವಾದಂತೆ. ಒಟ್ಟು ಬಜೆಟ್ ಮೇಲೆ ಬೇಕು-ಬೇಡ ಎಂಬ ಮತವೇ ಇಲ್ಲ.

ಇನ್ನು ಕಾನೂನು ಮಾಡುವ ಅಧಿಕಾರ. ಕೌನ್ಸಿಲ್ ಪಾಸು ಮಾಡಿದ ಬೈಲಾ ‘ಪ್ರಾಂತ್ಯದ ಆದ್ಯತೆ’ಗೆ ಅಡ್ಡ ಬರುತ್ತದೆ ಅನ್ನಿಸಿದರೆ ಮೇಯರ್ ವೀಟೊ ಹಾಕಬಹುದು. ಅದೇ ಆದ್ಯತೆಗೆ ನೆರವಾಗಬಹುದು ಅನ್ನಿಸಿದ ಬೈಲಾವನ್ನು ಮೂರನೇ ಒಂದಕ್ಕಿಂತ ಹೆಚ್ಚು ಮತ ಸಿಕ್ಕರೆ ಪಾಸು ಮಾಡಿಸಬಹುದು. ಆದ್ಯತೆ ಯಾವುದು ಅಂತ ಹೇಳುವುದು ಪ್ರಾಂತ್ಯ ಸರ್ಕಾರ: 2031ರ ಕೊನೆಗೆ 15 ಲಕ್ಷ ಹೊಸ ಮನೆ, ಮತ್ತು ಅದಕ್ಕೆ ಬೇಕಾದ ರಸ್ತೆ, ನೀರು, ಒಳಚರಂಡಿ, ಸಾರಿಗೆ. ಒಂದು ಬೈಲಾ ಈ ಪಟ್ಟಿಗೆ ಸೇರುತ್ತದೆಯೇ ಎಂಬುದಕ್ಕೆ ಮೇಯರ್ ಅಭಿಪ್ರಾಯವೇ ಸಾಕು. ಮೇಯರ್ ತೀರ್ಮಾನ ಕಾನೂನುಬದ್ಧವಾಗಿದ್ದು ಒಳ್ಳೆಯ ಉದ್ದೇಶದಿಂದ ಆಗಿದ್ದರೆ, ಅದು ಸಮಂಜಸವಲ್ಲ ಎಂಬ ಕಾರಣಕ್ಕೆ ಕೋರ್ಟು ರದ್ದು ಮಾಡುವಂತಿಲ್ಲ. ಇದನ್ನೂ ಕಾನೂನಿನಲ್ಲೇ ಬರೆದಿದ್ದಾರೆ.

ಲೆಕ್ಕ ಹಾಕಿ ನೋಡಿದರೆ

ಟೊರಾಂಟೊ ಕೌನ್ಸಿಲ್‌ನಲ್ಲಿ ಮೇಯರ್ ಸೇರಿ 26 ಜನ. ಮೂರನೇ ಒಂದು ಅಂದರೆ ಎಂಟೂ ಮುಕ್ಕಾಲಿನ ಹತ್ತಿರ. ಅದಕ್ಕಿಂತ ಹೆಚ್ಚು ಅಂದರೆ 9. ಇನ್ನು ವೀಟೊ ಮುರಿಯಲು ಮೂರರಲ್ಲಿ ಎರಡು ಪಾಲು, ಅಂದರೆ 18 ಮತ. ಮೇಯರ್‌ಗೂ ಇಲ್ಲಿ ಮತ ಇದೆ. ಮೇಯರ್ ಜೊತೆ ಎಂಟು ಜನ ನಿಂತರೆ ಎದುರು ಉಳಿಯುವವರು 17. ಒಂದು ಮತ ಕಡಿಮೆ.

ಹೀಗೆ ಅದೇ ಒಂಬತ್ತು ಜನ ಬೈಲಾವನ್ನು ಪಾಸೂ ಮಾಡಬಹುದು, ಉಳಿದವರು ಪಾಸು ಮಾಡಿದ್ದನ್ನು ತಡೆಯಲೂಬಹುದು.

ಸಣ್ಣ ಊರಿನಲ್ಲಿ ಈ ಲೆಕ್ಕ ಇನ್ನೂ ಬಿಗಿ. ಏಳು ಜನರ ಕೌನ್ಸಿಲ್ ಅಂದುಕೊಳ್ಳಿ. ಬೈಲಾ ಪಾಸಾಗಲು 3 ಮತ ಸಾಕು. ವೀಟೊ ಮುರಿಯಲು 5 ಬೇಕು. ಮೇಯರ್‌ಗೆ ಇಬ್ಬರು ಜೊತೆಗಾರರಿದ್ದರೆ ಮುಗಿಯಿತು. ಉಳಿದ ನಾಲ್ಕು ಜನ ಬಹುಮತ ಇದ್ದೂ ಏನೂ ಮಾಡಲಾಗದು. ಆ ನಾಲ್ಕು ಜನರಿಗೆ ಮತ ಹಾಕಿದ ನಿವಾಸಿಗಳ ಮಾತೂ ಅಲ್ಲಿಗೆ ನಿಂತಿತು.

ಬೇರೆ ಕಡೆ ಹೇಗಿದೆ ಅಂತ ನೋಡಿದರೆ ಇದರ ವಿಶೇಷ ಇನ್ನೂ ಚೆನ್ನಾಗಿ ಕಾಣುತ್ತದೆ. ನ್ಯೂಯಾರ್ಕ್ ಮೇಯರ್ ತುಂಬಾ ಬಲಿಷ್ಠರು. ಅಧಿಕಾರಿಗಳನ್ನು ನೇಮಿಸುತ್ತಾರೆ, ವೀಟೊ ಹಾಕುತ್ತಾರೆ. ಆದರೆ ಹೊಸ ಕಾನೂನು ಬೇಕಾದರೆ ಸಿಟಿ ಕೌನ್ಸಿಲ್‌ನ ಬಹುಮತ ಬೇಕೇ ಬೇಕು. ಲಂಡನ್ ಮೇಯರ್‌ರ ಬಜೆಟ್ ಬದಲಿಸಲು ಅಲ್ಲಿನ ಅಸೆಂಬ್ಲಿಗೆ ಮೂರರಲ್ಲಿ ಎರಡು ಪಾಲು ಮತ ಬೇಕು. ಒಂಟಾರಿಯೊದ ಬಜೆಟ್ ನಿಯಮವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬಹುದು. ಆದರೆ ಅಲ್ಪಮತದಿಂದ ಬೈಲಾ ಮಾಡುವ ನಿಯಮವನ್ನು ಇವುಗಳ ಸಾಲಿಗೆ ಸೇರಿಸಲು ಆಗುವುದಿಲ್ಲ. ವೀಟೊ ಅನ್ನುವುದು ತಡೆಯುವ ಶಕ್ತಿ. ಬಹುಮತ ಬೇಡ ಅಂದದ್ದನ್ನು ಕಾನೂನು ಮಾಡುವುದು ಪೂರ್ತಿ ಬೇರೆ ಮಾತು.

ಸರ್ಕಾರದ ವಾದದಲ್ಲಿ ಹುರುಳಿಲ್ಲವೇ?

ಇದೆ. ಒಂಟಾರಿಯೊದಲ್ಲಿ ಮನೆಯ ಬೆಲೆ ಮತ್ತು ಬಾಡಿಗೆ ದುಡಿಯುವ ಜನರ ಕೈಗೆ ಸಿಗದಷ್ಟು ಏರಿವೆ. ಹೊಸದಾಗಿ ವಲಸೆ ಬಂದ ಕುಟುಂಬಗಳಿಗೆ ಇದರ ಬಿಸಿ ಎಲ್ಲರಿಗಿಂತ ಜಾಸ್ತಿ. ಟೊರಾಂಟೊ ಸುತ್ತ ನೆಲೆಸಿದ ಅನೇಕ ಭಾರತೀಯ ಕುಟುಂಬಗಳು ನೆಲಮಾಳಿಗೆಯ ಬಾಡಿಗೆ ಮನೆಯಿಂದಲೇ ಬದುಕು ಶುರು ಮಾಡುತ್ತವೆ.

ಸರ್ಕಾರ ಹೇಳುವುದು ಇಷ್ಟು: ಕೌನ್ಸಿಲರ್ ತನ್ನ ವಾರ್ಡಿನ ಈಗಿನ ನಿವಾಸಿಗಳ ಮಾತು ಕೇಳುತ್ತಾರೆ. ಆ ನಿವಾಸಿಗಳಿಗೆ ಪಕ್ಕದಲ್ಲಿ ಎತ್ತರದ ಕಟ್ಟಡ ಬೇಡ. ಮುಂದೆ ಅಲ್ಲಿ ಬಂದು ಇರಬೇಕಾದವರಿಗೆ ಆ ವಾರ್ಡಿನಲ್ಲಿ ಇನ್ನೂ ಮತವಿಲ್ಲ. ಹಾಗಾಗಿ ವಾರ್ಡು ವಾರ್ಡಾಗಿ ನೋಡಿದರೆ ಎಲ್ಲ ಕಡೆ ‘ಬೇಡ’ವೇ ಗೆಲ್ಲುತ್ತದೆ. ಇಡೀ ಊರಿನ ಮತ ಪಡೆದವರು ಮೇಯರ್ ಒಬ್ಬರೇ. ಇಡೀ ಊರಿನ ಅಗತ್ಯವನ್ನು ಅವರೇ ನೋಡಬಲ್ಲರು. ಜನ ಮೇಯರ್‌ನಿಂದ ಉತ್ತರ ಕೇಳುತ್ತಾರೆ ಅಂದಮೇಲೆ ಕೆಲಸ ಮಾಡುವ ಅಧಿಕಾರವೂ ಕೈಯಲ್ಲಿರಬೇಕು.

ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ವಿರೋಧಿಸುವವರಲ್ಲಿ ಹಲವರು ಇದಕ್ಕೆ ನೇರ ಉತ್ತರ ಕೊಡದೆ ಜಾರಿಕೊಳ್ಳುತ್ತಾರೆ.

ವಿರೋಧ ಎಲ್ಲಿಂದ ಬಂತು

ಎರಡನೇ ಮಸೂದೆ ಬಂದಾಗ ಟೊರಾಂಟೊದ ಐದು ಮಾಜಿ ಮೇಯರ್‌ಗಳು ಒಟ್ಟಾಗಿ ಪತ್ರ ಬರೆದರು: ಡೇವಿಡ್ ಕ್ರಾಂಬಿ, ಜಾನ್ ಸೂಯೆಲ್, ಆರ್ಟ್ ಎಗಲ್ಟನ್, ಬಾರ್ಬರಾ ಹಾಲ್, ಡೇವಿಡ್ ಮಿಲ್ಲರ್. ಇವರೆಲ್ಲ ಒಂದೇ ರಾಜಕೀಯದವರಲ್ಲ. ಅದೇ ಕುರ್ಚಿಯಲ್ಲಿ ಕೂತು, ಒಂದೇ ಮತ ಇಟ್ಟುಕೊಂಡು ಆಡಳಿತ ನಡೆಸಿದವರು. ಬಹುಮತದ ಆಡಳಿತ ಅನ್ನುವ ಮೂಲ ಹಕ್ಕಿಗೇ ಇದು ಪೆಟ್ಟು ಅನ್ನುವುದು ಅವರ ಮಾತಾಗಿತ್ತು.

ಅಧಿಕಾರಿಗಳ ಕಡೆಯ ಆತಂಕ ಬೇರೆ. ಮುಖ್ಯ ಆಡಳಿತಾಧಿಕಾರಿಯ ಕೆಲಸ ಇಡೀ ಕೌನ್ಸಿಲ್‌ಗೆ ನಿಷ್ಠುರವಾಗಿ ಸಲಹೆ ಕೊಡುವುದು. ಈ ಯೋಜನೆಗೆ ನೀರಿನ ಪೈಪ್ ಸಾಲದು, ಈ ಲೆಕ್ಕ ಸರಿ ಇಲ್ಲ ಅಂತ ಹೇಳುವುದು. ಅವರನ್ನು ಕೆಲಸದಿಂದ ತೆಗೆಯುವ ಅಧಿಕಾರ ಒಬ್ಬರ ಕೈಗೆ ಹೋದರೆ ಏನಾಗುತ್ತದೆ? ಒಂದೊಂದೇ ವರದಿ ಮೆತ್ತಗಾಗುತ್ತದೆ. ಇದು ಹೊರಗೆ ಯಾರಿಗೂ ಕಾಣುವುದಿಲ್ಲ. ಕೌನ್ಸಿಲರ್‌ಗಳ ಕೈಗೆ ಬರುವ ಮಾಹಿತಿಯೇ ಸೋಸಿ ಬಂದದ್ದಾದರೆ ಅವರ ಮತಕ್ಕೂ ಬೆಲೆ ಇಳಿಯುತ್ತದೆ.

ಹಾಗಾದರೆ ಬೇಡ ಅನ್ನುವ ಮೇಯರ್ ಇದನ್ನು ವಾಪಸ್ ಕೊಡಬಹುದಲ್ಲ? ಅರ್ಧ ಮಾತ್ರ. ಮುಖ್ಯ ಅಧಿಕಾರಿಯ ನೇಮಕ, ಸಮಿತಿಗಳ ರಚನೆ ಇಂಥವನ್ನು ಕೌನ್ಸಿಲ್‌ಗೆ ಒಪ್ಪಿಸಬಹುದು. ಅನೇಕ ಮೇಯರ್‌ಗಳು ಒಪ್ಪಿಸಿಯೂ ಇದ್ದಾರೆ. ವೀಟೊ, ಬಜೆಟ್, ಮೂರನೇ ಒಂದರ ನಿಯಮ ಇವನ್ನು ಒಪ್ಪಿಸಲು ಬರುವುದಿಲ್ಲ, ಬಳಸದೆ ಇರಬಹುದು ಅಷ್ಟೇ. ಮುಂದೆ ಬರುವ ಮೇಯರ್ ಅದನ್ನು ಕೈಗೆತ್ತಿಕೊಳ್ಳಲು ಯಾರ ಒಪ್ಪಿಗೆಯೂ ಬೇಕಿಲ್ಲ.

ಸಂವಿಧಾನದ ರಕ್ಷಣೆಯೂ ಇಲ್ಲಿ ಇಲ್ಲ. ಕೆನಡಾದ 1867ರ ಸಂವಿಧಾನ ಕಾಯ್ದೆ ಊರಾಡಳಿತವನ್ನು ಪೂರ್ತಿ ಪ್ರಾಂತ್ಯಗಳ ಕೈಗೆ ಕೊಟ್ಟಿದೆ. 2018ರಲ್ಲಿ ಚುನಾವಣಾ ಪ್ರಚಾರ ನಡೆಯುತ್ತಿರುವಾಗಲೇ ಇದೇ ಸರ್ಕಾರ ಟೊರಾಂಟೊದ 47 ವಾರ್ಡುಗಳನ್ನು 25ಕ್ಕೆ ಇಳಿಸಿತು. 2021ರಲ್ಲಿ ಸುಪ್ರೀಂ ಕೋರ್ಟ್ 5-4ರ ತೀರ್ಪಿನಲ್ಲಿ ಅದನ್ನು ಎತ್ತಿಹಿಡಿಯಿತು. ಕೌನ್ಸಿಲ್ ಎಷ್ಟು ದೊಡ್ಡದಿರಬೇಕು, ಅದರ ಮತಕ್ಕೆ ಎಷ್ಟು ಬೆಲೆ ಅನ್ನುವುದು ಪ್ರಾಂತ್ಯದ ಕೈಯಲ್ಲಿದೆ.

ಬಳಸಿದಾಗ ಏನಾಯಿತು

2023ರಲ್ಲಿ ಮಿಸ್ಸಿಸಾಗ ಕೌನ್ಸಿಲ್ ಮುಂದೆ ಒಂದು ಪ್ರಶ್ನೆ ಬಂತು. ಒಂದು ಮನೆಯ ಜಾಗದಲ್ಲಿ ನಾಲ್ಕು ಮನೆಗಳ ಸಣ್ಣ ಕಟ್ಟಡಕ್ಕೆ ಊರೆಲ್ಲ ಅನುಮತಿ ಕೊಡಬೇಕೇ? ಮತ ಸಮಸಮ ಆಯಿತು, ಪ್ರಸ್ತಾವ ಬಿದ್ದುಹೋಯಿತು. ಮೇಯರ್ ಬಾನಿ ಕ್ರಾಂಬಿ ತಮ್ಮ ಹೊಸ ಅಧಿಕಾರ ಬಳಸಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಹ್ಯಾಮಿಲ್ಟನ್‌ನಲ್ಲಿ 2024ರಲ್ಲಿ ಇಂಥದ್ದೇ ಆಯಿತು. ಸ್ಟೋನಿ ಕ್ರೀಕ್ ಪ್ರದೇಶದ ನಗರದ ಪಾರ್ಕಿಂಗ್ ಜಾಗದಲ್ಲಿ ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟುವ ಯೋಜನೆ 8-8ಕ್ಕೆ ನಿಂತಿತು. ಮೇಯರ್ ಆಂಡ್ರಿಯಾ ಹಾರ್ವತ್ ತಮ್ಮ ಅಧಿಕಾರದಿಂದ ಅದನ್ನು ಮುಂದೆ ತಳ್ಳಿದರು. ಅವರು ಹಿಂದೆ ಪ್ರಾಂತ್ಯದಲ್ಲಿ ಎಡಪಂಥೀಯ ಎನ್‌ಡಿಪಿ ಪಕ್ಷದ ನಾಯಕಿ ಆಗಿದ್ದವರು. ಅಂದರೆ ಈ ಹತಾರ ಬಲಪಂಥೀಯರ ಕೈಗೆ ಮಾತ್ರ ಹಿತ ಅಂತೇನಿಲ್ಲ.

ಈ ಎರಡೂ ಕಡೆ ಫಲ ಒಳ್ಳೆಯದೇ ಅಂತ ಹೇಳಬೇಕು. ಬಡವರಿಗೆ ಮನೆ ಸಿಗುವುದಕ್ಕಿಂತ ಪಾರ್ಕಿಂಗ್ ಜಾಗ ಉಳಿಸಿಕೊಳ್ಳುವುದು ದೊಡ್ಡದಲ್ಲ. ಮತ ಸಮ ಆಗಿದ್ದರಿಂದ ಬಹುಮತ ‘ಬೇಡ’ ಅಂದಿತ್ತು ಎಂದೂ ಹೇಳಲಾಗದು.

ಕ್ಯಾಲೆಡನ್ ಊರಿನ ಕಥೆ ಹಾಗಲ್ಲ. ಟೊರಾಂಟೊದ ವಾಯವ್ಯಕ್ಕೆ ಹೊಲಗದ್ದೆ ಇರುವ ಊರು. 2024ರಲ್ಲಿ ಅಲ್ಲಿನ ಮೇಯರ್ ಒಟ್ಟಿಗೆ 12 ಝೋನಿಂಗ್ ಬೈಲಾಗಳನ್ನು, ಅಂದರೆ ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನುವ ಬೈಲಾಗಳನ್ನು, ಮುಂದಿಟ್ಟರು. ಸುಮಾರು 35 ಸಾವಿರ ಮನೆಗಳಿಗೆ ಜಾಗ ತೆರೆಯುವ ಪ್ರಸ್ತಾವ ಅದು. ರಸ್ತೆ, ನೀರು, ಶಾಲೆಯ ಅಧ್ಯಯನ ಎಲ್ಲಿ ಅಂತ ನಿವಾಸಿಗಳು ಸಿಟ್ಟಿಗೆದ್ದರು. ಒಂದೇ ಕಾನೂನು ಒಂದು ಕಡೆ ಪಾರ್ಕಿಂಗ್ ಜಾಗದಲ್ಲಿ ಕೆಲವು ಮನೆ ಕಟ್ಟಿಸಬಲ್ಲದು, ಇನ್ನೊಂದು ಕಡೆ ಹೊಲದ ಮೇಲೆ ಇಡೀ ಪಟ್ಟಣವನ್ನೇ ಎಬ್ಬಿಸಬಲ್ಲದು. ಯಾವುದು ಒಳ್ಳೆಯ ಬಳಕೆ, ಯಾವುದು ಅವಸರ ಅಂತ ಬೇರ್ಪಡಿಸುವ ಜರಡಿ ಕಾನೂನಿನೊಳಗೆ ಇಲ್ಲ.

ಬಳಸದೆ ಇದ್ದರೂ ಬೆಲೆ ತೆರಬೇಕಾಗುತ್ತದೆ. 2023ರ ಜೂನ್‌ನಲ್ಲಿ ಟೊರಾಂಟೊ ಮೇಯರ್ ಆಗಿ ಗೆದ್ದ ಒಲಿವಿಯಾ ಚೌ, ಅಲ್ಪಮತದ ನಿಯಮವನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದರು. 2025ರ ಜೂನ್‌ನಲ್ಲಿ ಆರು ಮನೆಗಳ ಸಣ್ಣ ಕಟ್ಟಡಗಳಿಗೆ ಊರೆಲ್ಲ ಅನುಮತಿ ಕೊಡುವ ಪ್ರಸ್ತಾವ ಬಂದಾಗ ಕೌನ್ಸಿಲ್ ಅದನ್ನು 9 ವಾರ್ಡುಗಳಿಗೆ ಸೀಮಿತ ಮಾಡಿತು. ಮನೆಗಾಗಿ ಹೋರಾಡುವವರು ಬಲಿಷ್ಠ ಮೇಯರ್ ಅಧಿಕಾರ ಬಳಸಿ ಅಂತ ಚೌ ಅವರನ್ನೇ ಒತ್ತಾಯಿಸಿದರು. ಅವರು ಬಳಸಲಿಲ್ಲ.

ಮನೆಗಳು ಜಾಸ್ತಿ ಆದವೇ?

15 ಲಕ್ಷ ಮನೆ, 10 ವರ್ಷ. ವರ್ಷಕ್ಕೆ ಒಂದೂವರೆ ಲಕ್ಷ ಮನೆಗಳ ಕೆಲಸ ಶುರುವಾಗಬೇಕು. 2022ರಲ್ಲಿ ಒಂಟಾರಿಯೊದಲ್ಲಿ ಶುರುವಾದದ್ದು ಸುಮಾರು 96 ಸಾವಿರ. ಕಾನೂನು ಬಂದ ಮೇಲೆ 2024ರಲ್ಲಿ ಸುಮಾರು 75 ಸಾವಿರ. ಏರಲಿಲ್ಲ, ಇಳಿಯಿತು.

ಇದಕ್ಕೆ ಮೇಯರ್‌ಗಳನ್ನು ದೂರುವುದು ತಪ್ಪು. 2022ರ ಆರಂಭದಲ್ಲಿ ಶೇ 0.25 ಇದ್ದ ಬ್ಯಾಂಕ್ ಆಫ್ ಕೆನಡಾದ ಬಡ್ಡಿದರ 2023ರ ಜುಲೈಗೆ ಶೇ 5 ಮುಟ್ಟಿತು. ಸಾಲ ದುಬಾರಿ ಆಯಿತು, ಸಿಮೆಂಟು, ಕಬ್ಬಿಣ, ಕೂಲಿ ಏರಿತು, ಫ್ಲಾಟ್ ಕೊಳ್ಳುವವರು ಹಿಂದೆ ಸರಿದರು. ಕೊಳ್ಳುವವರು ಇಲ್ಲದೆ ಬಿಲ್ಡರ್ ಅಡಿಪಾಯ ಹಾಕುವುದಿಲ್ಲ. ಅನುಮತಿ ಸಿಕ್ಕೂ ಕಟ್ಟದೆ ಬಿಟ್ಟ ಜಾಗಗಳು ಎಷ್ಟೋ ಇವೆ.

ಆದರೆ ಇದೇ ಕಾರಣಕ್ಕೆ ಕಾನೂನಿನ ಅಡಿಪಾಯವೂ ಅಲ್ಲಾಡುತ್ತದೆ. ಮನೆ ನಿಲ್ಲುವುದು ಮುಖ್ಯವಾಗಿ ಬಡ್ಡಿ ಮತ್ತು ಖರ್ಚಿನಿಂದ ಅಂದಮೇಲೆ ಕೌನ್ಸಿಲ್‌ನ ಮತ ಎಣಿಕೆ ಬದಲಿಸಿದರೆ ಎಷ್ಟು ಮನೆ ಎದ್ದಾವು? ಕೌನ್ಸಿಲ್ ‘ಬೇಡ’ ಅಂದರೂ ಬಿಲ್ಡರ್ ಒಂಟಾರಿಯೊ ಭೂ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. ಪ್ರಾಂತ್ಯದ ಸಚಿವರು ತಾವೇ ಝೋನಿಂಗ್ ಆದೇಶ ಹೊರಡಿಸಬಹುದು. ಕೌನ್ಸಿಲ್‌ನ್ನು ದಾಟಿ ಹೋಗುವ ದಾರಿ ಮುಂಚೆಯೂ ಇತ್ತು. ಹೊಸದಾಗಿ ಬಂದದ್ದು ಇಷ್ಟೇ: ಪ್ರಾಂತ್ಯ ತಾನು ಮಾಡಬೇಕಿದ್ದ ಕಹಿ ಕೆಲಸ ಈಗ ಮೇಯರ್ ಸಹಿಯಲ್ಲಿ ಆಗಬಹುದು.

ಹಾಗಾಗಿ ‘ಬಲಿಷ್ಠ ಮೇಯರ್’ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಪ್ರಾಂತ್ಯ ತೋರಿಸಿದ ದಿಕ್ಕಿಗೆ ಹೋಗುವಾಗ ಮೇಯರ್‌ಗೆ ಒಂಬತ್ತು ಮತ ಸಾಕು. ಬಾಡಿಗೆದಾರರ ರಕ್ಷಣೆಗೋ ಮರ ಉಳಿಸಲಿಕ್ಕೋ ಬೈಲಾ ತರಬೇಕಾದರೆ ಹಳೆಯ ಹಾಗೆ ಹದಿನಾಲ್ಕು ಬೇಕು. ಊರಿನ ಕನಸಿಗೆ ಬಹುಮತ ಬೇಕು, ಸರ್ಕಾರದ ಗುರಿಗೆ ಬೇಡ. ಇದರಲ್ಲಿ ಬಲ ಹೆಚ್ಚಿದ್ದು ಪ್ರಾಂತ್ಯಕ್ಕೆ.

ಬೆಂಗಳೂರಿನ ಬೇಡಿಕೆ ಇದೇನಾ?

ಅಲ್ಲ. ಕರ್ನಾಟಕದ ನಗರಪಾಲಿಕೆಗಳಲ್ಲಿ ಬಹುಕಾಲ ಮೇಯರ್ ಅವಧಿ ಒಂದೇ ವರ್ಷ. ಆರಿಸುವವರು ಕಾರ್ಪೊರೇಟರ್‌ಗಳು. ಕಡತಕ್ಕೆ ಸಹಿ ಹಾಕುವ ನಿಜವಾದ ಅಧಿಕಾರ ಸರ್ಕಾರ ನೇಮಿಸಿದ ಆಯುಕ್ತರದು. ಬೆಂಗಳೂರಿಗೆ ನೇರವಾಗಿ ಆಯ್ಕೆಯಾದ, ಐದು ವರ್ಷ ಇರುವ ಮೇಯರ್ ಬೇಕು ಅಂತ 2008ರಲ್ಲೇ ಕಸ್ತೂರಿರಂಗನ್ ಸಮಿತಿ ಹೇಳಿತ್ತು. ಅದು ಆಗಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದು, ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಊರು ಐದು ಪಾಲಿಕೆ ಆಯಿತು. ಮೇಲೆ ಮುಖ್ಯಮಂತ್ರಿ ಅಧ್ಯಕ್ಷತೆಯ ಪ್ರಾಧಿಕಾರ ಕೂತಿತು.

ಇಲ್ಲಿ ಕೇಳುತ್ತಿರುವುದು ಅಧಿಕಾರಿಯ ಕೈಯಿಂದ ಚುನಾಯಿತರ ಕೈಗೆ ಬಲ ಬರಲಿ ಅಂತ. ಒಂಟಾರಿಯೊದಲ್ಲಿ ಬಲ ಹರಿದದ್ದು ಚುನಾಯಿತ ಸಭೆಯ ಕೈಯಿಂದ ಒಬ್ಬರ ಕೈಗೆ. ಎರಡಕ್ಕೂ ‘ಮೇಯರ್‌ಗೆ ಅಧಿಕಾರ’ ಅಂತಲೇ ಹೆಸರು. ಟೊರಾಂಟೊವನ್ನು ಮಾದರಿ ಅಂತ ಇಲ್ಲಿ ಯಾರಾದರೂ ತೋರಿಸಿದರೆ, ಯಾವ ಭಾಗ ಅಂತ ಕೇಳಬೇಕು. ನೇರ ಚುನಾವಣೆ, ನಾಲ್ಕು ವರ್ಷದ ಅವಧಿ, ಬಜೆಟ್ ಮಂಡಿಸುವ ಹೊಣೆ ಇವೆಲ್ಲ ನಮಗೆ ಕಲಿಯಲು ಯೋಗ್ಯ. ಮೂರನೇ ಒಂದರ ನಿಯಮ ಅಲ್ಲ.

ಅಕ್ಟೋಬರ್ ಆದಮೇಲೆ

216ರಲ್ಲಿ ಟೊರಾಂಟೊ, ಒಟ್ಟಾವಾ ಬಿಟ್ಟರೆ ಉಳಿದ ಊರುಗಳ ಜನ 2022ರಲ್ಲಿ ಆರಿಸಿದ್ದು ಒಂದು ಮತದ ಮೇಯರ್‌ನ್ನು. ಅಧಿಕಾರ ಬಂದದ್ದು ನಡುವೆ. 2026ರ ಅಕ್ಟೋಬರ್ 26ರಂದು ಅವರಲ್ಲಿ ಹೆಚ್ಚಿನವರು ಮೊದಲ ಸಲ, ಈ ಕುರ್ಚಿಯ ಕೈಯಲ್ಲಿ ಏನಿದೆ ಅಂತ ಗೊತ್ತಿದ್ದು ಮತ ಹಾಕುತ್ತಾರೆ. ಹೊಸ ಅವಧಿ ನವೆಂಬರ್ 15ಕ್ಕೆ ಶುರು. ಹಳೆಯ ಮೇಯರ್ ಕೌನ್ಸಿಲ್‌ಗೆ ಒಪ್ಪಿಸಿದ್ದ ನೇಮಕದ ಅಧಿಕಾರವನ್ನು ಹೊಸಬರು ಹಿಂದಕ್ಕೆ ಪಡೆಯುತ್ತಾರೆಯೇ ಅನ್ನುವುದು ಮೊದಲ ಕೆಲವು ವಾರಗಳಲ್ಲೇ ತಿಳಿಯುತ್ತದೆ. ಮೇಯರ್ ಲಿಖಿತವಾಗಿ ಕೊಡುವ ತೀರ್ಮಾನಗಳು ಊರಿನ ವೆಬ್‌ಸೈಟಿನಲ್ಲಿ ಬರುತ್ತವೆ, ಯಾರು ಬೇಕಾದರೂ ಓದಬಹುದು. ಆಮೇಲೆ 2027ರ ಫೆಬ್ರವರಿ 1. ಅಷ್ಟರೊಳಗೆ ಪ್ರತಿ ಮೇಯರ್ ಹೊಸ ಅವಧಿಯ ಮೊದಲ ಬಜೆಟ್ ಇಡಬೇಕು. ಮನೆ ತೆರಿಗೆ ಎಷ್ಟು ಏರುತ್ತದೆ, ಬಸ್ಸಿಗೆ ಎಷ್ಟು ದುಡ್ಡು, ಪೊಲೀಸರಿಗೆ ಎಷ್ಟು ಅನ್ನುವುದೆಲ್ಲ ಅದರಲ್ಲಿದೆ. ಅದನ್ನು ತಿದ್ದಲು ಕೌನ್ಸಿಲ್‌ಗೆ ಇರುವುದು 30 ದಿನ.